ಫ್ಲಾರಿಡಾದಲ್ಲಿ ನಾಲ್ಕು ಡೋಸ್

ನ್ಯೂಜೆರ್ಸಿಯ ವ್ಯಸನ ಚಿಕಿತ್ಸಾ ಕ್ಲಿನಿಕ್ಕೊಂದರಲ್ಲಿ ನಾನು ಆಪ್ತಸಮಾಲೋಚಕಿ. ಒಂದು ಶುಕ್ರವಾರ ಬೆಳಗ್ಗೆ ಆರು ಗಂಟೆಗೆ, ಕಾಫಿ ಇನ್ನೂ ಲೋಟದಲ್ಲೇ ಇದ್ದಾಗ, ಆತ ಬಾಗಿಲಲ್ಲಿ ಬಂದು ನಿಂತ. ಮನೆಗಳ ಚಾವಣಿ ರಿಪೇರಿ ಮಾಡುವವನು. "ರಾತ್ರಿ ಅಮ್ಮ ತೀರಿಹೋದಳು. ಸಂಜೆ ಫ್ಲಾರಿಡಾಕ್ಕೆ ವಿಮಾನ" ಎಂದು ಸುಮ್ಮನಾದ. ಅಲ್ಲಿರುವ ನಾಲ್ಕು ದಿನ ಔಷಧಿಗೆ ಏನು ಮಾಡುವುದು ಎಂಬ ಮುಂದಿನ ಪ್ರಶ್ನೆಯನ್ನು ಆತ ಕೇಳಬೇಕಾಗಿರಲಿಲ್ಲ.

ಅಮೆರಿಕದಲ್ಲಿ ಹೆರಾಯಿನ್, ಫೆಂಟನಿಲ್‌ನಂಥ ಮಾದಕವಸ್ತುಗಳ ವ್ಯಸನಕ್ಕೆ ಕೊಡುವ ಮೆಥಡೋನ್ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. ಮಾನ್ಯತೆ ಪಡೆದ ಕ್ಲಿನಿಕ್ಕಿಗೇ ಬಂದು, ಅನೇಕರು ದಿನಾ ನರ್ಸ್ ಎದುರಿಗೇ ಕುಡಿಯಬೇಕು. ಎರಡು ದಿನ ತಪ್ಪಿದರೆ ಬೆವರು, ಮೈನೋವು, ಭೇದಿ. 2024ರ ನಿಯಮದಂತೆ ಚಿಕಿತ್ಸೆ ಶುರುವಾಗಿ ತಿಂಗಳು ದಾಟಿದವರಿಗೆ 28 ದಿನಗಳವರೆಗಿನ ಡೋಸ್ ಮನೆಗೆ ಕೊಡಬಹುದು, ಕೊಡಲೇಬೇಕೆಂದಿಲ್ಲ. ಆತನ ಹಿಂದಿನ ವಾರದ ಮೂತ್ರ ಪರೀಕ್ಷೆಯಲ್ಲಿ ಫೆಂಟನಿಲ್ ಕಂಡಿತ್ತು. ಡಾಕ್ಟರ್ ಬೇಡವೆಂದರು. ತಾಯಿ ಸತ್ತ ದಿನ ನಾಲ್ಕು ಬಾಟಲಿ ಕೈಗೆ ಕೊಟ್ಟು ಕಳುಹಿಸಲು ನನಗೂ ಧೈರ್ಯವಿರಲಿಲ್ಲ.

ಉಳಿದದ್ದು ಗೆಸ್ಟ್ ಡೋಸಿಂಗ್. ಅಂದರೆ ಹೋದ ಊರಿನ ಕ್ಲಿನಿಕ್ಕಿನಲ್ಲಿ ಕೆಲವು ದಿನಗಳ ಅತಿಥಿಯಾಗುವುದು. ಹೆಸರಿಗಷ್ಟೇ ಅತಿಥಿ, ಸತ್ಕಾರವೆಲ್ಲ ಕಾಗದಪತ್ರದ್ದು. ಆತ ನಮ್ಮ ರೋಗಿ ಎಂಬುದನ್ನು ಇನ್ನೊಬ್ಬರಿಗೆ ಹೇಳುವುದಕ್ಕೂ ಆತನ ಲಿಖಿತ ಒಪ್ಪಿಗೆ ಬೇಕು. ಕಾನೂನು ಅಷ್ಟು ಬಿಗಿ. ಸಹಿ ಹಾಕಿಸಿಕೊಂಡು ಫೋನ್ ಹಿಡಿದೆ. ಮೊದಲ ಕ್ಲಿನಿಕ್ ಈ ವಾರ ಅತಿಥಿಗಳನ್ನು ತೆಗೆದುಕೊಳ್ಳುವುದಿಲ್ಲವೆಂದಿತು. ಎರಡನೆಯದು ಮಧ್ಯಾಹ್ನದೊಳಗೆ ಎಲ್ಲವೂ ಫ್ಯಾಕ್ಸ್‌ನಲ್ಲಿ ಬರಬೇಕೆಂದಿತು. ಹೌದು, ಫ್ಯಾಕ್ಸ್. ಡಾಕ್ಟರ ಆದೇಶ, ಗುರುತಿನ ಚೀಟಿ, ಕೊನೆಯ ಡೋಸ್ ಯಾವಾಗ, ಎಷ್ಟು. 90 ಮಿಲಿಗ್ರಾಂ ಎಂದು ಬರೆದು ಕಳುಹಿಸಿದ ಮೇಲೂ ಅಲ್ಲಿನ ನರ್ಸ್ ಫೋನ್ ಮಾಡಿ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿಸಿಕೊಂಡಳು. ಅದು ನನಗೆ ಹಿಡಿಸಿತು. ಒಂದು ಅಂಕಿ ತಪ್ಪಿದರೆ ಜೀವ ಹೋಗಬಹುದು.

ಆಮೇಲೆ ವಿಮೆ. ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ರಾಜ್ಯ ರಾಜ್ಯಕ್ಕೂ ಬೇರೆ. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಸಿಕ್ಕ ದನಿ ಹೇಳಿತು: "ಹೊರ ರಾಜ್ಯದಲ್ಲಿ ತುರ್ತು ಚಿಕಿತ್ಸೆಗೆ ಮಾತ್ರ." ಡೋಸ್ ತಪ್ಪಿ ಆತ ಬೀದಿಯ ಮಾಲು ಕೊಂಡು ಬಿದ್ದರೆ ಅದು ತುರ್ತು, ಬೀಳದಂತೆ ನೋಡಿಕೊಂಡರೆ ಅಲ್ಲವೇ ಎಂದು ಜಗಳವಾಡಿದೆ. ಏನೂ ಪ್ರಯೋಜನವಾಗಲಿಲ್ಲ. ನೋಂದಣಿಗೆ 30 ಡಾಲರ್, ದಿನಕ್ಕೆ 20ರಂತೆ ನಾಲ್ಕು ದಿನ, ಒಟ್ಟು 110. ಟಿಕೆಟ್ ಕೊಂಡ ಮೇಲೆ ಆತನ ಬಳಿ ಅಷ್ಟು ಉಳಿದಿರಲಿಲ್ಲ.

"ಅಕ್ಕನನ್ನು ಕೇಳಬಹುದು. ಆದರೆ ಅಮ್ಮನಿಗೆ ಮಾತ್ರ ಗೊತ್ತಿತ್ತು, ಅಕ್ಕನಿಗೆ ಗೊತ್ತಿಲ್ಲ" ಎಂದ. ಬೆಳಗಿನಿಂದ ನಾನು ಸಹಿಯ ಮೇಲೆ ಸಹಿ ಹಾಕಿಸಿ ಕಾಪಾಡಿದ್ದ ಗುಟ್ಟನ್ನು 110 ಡಾಲರಿಗಾಗಿ ಆತನೇ ಬಿಚ್ಚಬೇಕಾಗಿತ್ತು. ನಮ್ಮೂರಿನಲ್ಲಿ ಸಾವಿನ ಮನೆಗೆ ಹೊರಟವರನ್ನು ಯಾರೂ ದಾರಿಯಲ್ಲಿ ನಿಲ್ಲಿಸಿ ಮಾತನಾಡಿಸುವುದಿಲ್ಲ. ಇವನು ಅಷ್ಟು ಹೊತ್ತಿಗೆ ಐದು ಗಂಟೆ ಕಾಲ ನನ್ನೆದುರು ಕುಳಿತಿದ್ದ. ಹೊರಗೆ ಹೋಗಲೇ ಎಂದೆ. ಬೇಡ, ಇಲ್ಲೇ ಇರಿ ಎಂದು ಅಕ್ಕನ ನಂಬರ್ ಒತ್ತಿದ.

ಬುಧವಾರ ಬೆಳಗ್ಗೆ ಫ್ಲಾರಿಡಾದ ಫ್ಯಾಕ್ಸ್ ಬಂದಿತ್ತು: ಶನಿವಾರ, ಸೋಮವಾರ, ಮಂಗಳವಾರ ಅಲ್ಲೇ ಕುಡಿದದ್ದು, ಭಾನುವಾರ ರಜೆಯಾದ್ದರಿಂದ ಒಂದು ಬಾಟಲಿ ಮನೆಗೆ. ಆತ ಸಾಲಿನಲ್ಲಿ ನಿಂತಿದ್ದ. ಅಕ್ಕ ಏನೆಂದಳು ಎಂದು ಕೇಳಿದೆ.

"ಏನೂ ಕೇಳಲಿಲ್ಲ. ದಿನಾ ಐದಕ್ಕೆ ಎಬ್ಬಿಸಿ ಕಾರಿನಲ್ಲಿ ಕರೆದುಕೊಂಡು ಹೋದಳು. ಭಾನುವಾರವೂ ಎಬ್ಬಿಸಿದಳು, ರಜೆಯೆಂದು ಹೇಳುವುದನ್ನು ಮರೆತಿದ್ದೆ."