ಹೆಬ್ರಿ ದಾರಿಯ ಸೀತಾಳೆ ದಂಡೆ

ಉಡುಪಿಯಿಂದ ಮಣಿಪಾಲ, ಹಿರಿಯಡ್ಕ, ಪೆರ್ಡೂರು ದಾಟಿ ಹೆಬ್ರಿಗೆ ಹೋಗುವ ದಾರಿಯಲ್ಲಿ ಮರದ ಮೇಲೆ ಬೆಳೆಯುವ ಆರ್ಕಿಡ್ ಸೀತಾಳೆ ದಂಡೆಯನ್ನು ನೋಡಬೇಕೆಂದರೆ ಮೇ ಕೊನೆಗೋ ಜೂನ್ ಮೊದಲಿಗೋ ಹೊರಡಬೇಕು. ಮಳೆ ಹಿಡಿದು ಕೂತರೆ ಹೂ ಕೊಳೆಯುತ್ತದೆ, ಕತ್ತೆತ್ತಿ ದುರ್ಬೀನು ಹಿಡಿಯುವುದೂ ಕಷ್ಟ.

ಪೆರ್ಡೂರಿನ ತನಕ ರಸ್ತೆ ಬದಿಯ ಹಳೆಯ ಮಾವು, ಹಲಸು ನೋಡಿಕೊಂಡು ಹೋದರೆ ಸಾಕು. ಹೆಬ್ರಿ ದಾಟಿ ಸೋಮೇಶ್ವರ ಅಭಯಾರಣ್ಯದ ಅಂಚಿಗೆ ಬಂದ ಮೇಲೆ ಮರ ಆರಿಸಿ ನೋಡಬೇಕು. ಮತ್ತಿ ಮರದ ಬಿರುಕು ತೊಗಟೆಯಲ್ಲಿ ತೇವವೂ ಪಾಚಿಯೂ ನಿಲ್ಲುತ್ತವೆ, ಗಾಳಿಗೆ ಬಂದ ಬೀಜ ಅಲ್ಲಿ ಕೂರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಆ ಬೀಜದಲ್ಲಿ ಆಹಾರದ ದಾಸ್ತಾನಿಲ್ಲ. ತಕ್ಕ ಶಿಲೀಂಧ್ರ ಜೊತೆಗೂಡಿದರಷ್ಟೇ ಬೆಳೆಯುತ್ತದೆ. ಪಕ್ಕದ ನಂದಿ ಮರ ಪೊರೆಪೊರೆಯಾಗಿ ತೊಗಟೆ ಕಳಚುವ ಜಾತಿ, ಅದರ ಕಾಂಡದಲ್ಲಿ ಹುಡುಕಿ ಕತ್ತು ನೋಯಿಸಿಕೊಳ್ಳುವುದು ದಂಡ. ಬಂದಣಿಕೆಯೆಂದು ಸೀತಾಳೆಯನ್ನು ಕಿತ್ತೆಸೆಯುವವರೂ ಇದ್ದಾರೆ. ಬಂದಣಿಕೆಯ ಬೇರು ಕೊಂಬೆಯೊಳಗೆ ಇಳಿದು ರಸ ಹೀರುತ್ತದೆ. ಸೀತಾಳೆಯ ಬೇರು ತೊಗಟೆಗೆ ಬರೀ ಅಂಟಿಕೊಂಡಿರುತ್ತದೆ, ಒಣಗಿದಾಗ ಬೆಳ್ಳಗೆ, ನೆನೆದಾಗ ಹಸಿರು.

ಇಳಿಬಿದ್ದ ನರಿಬಾಲದಂಥ ಗೊಂಚಲು, ಅದರಲ್ಲಿ ನೂರಕ್ಕೂ ಮೀರಿದ ಹೂ, ಬಿಳಿ ಎಸಳಿಗೆ ನಸುನೇರಳೆ ಚುಕ್ಕೆ. ಹೆಸರು ಹೇಳಲು ಇಷ್ಟು ಸಾಲದು. ಇದೇ ಕಾಲಕ್ಕೆ ಘಾಟಿ ಸೀಮೆಯಲ್ಲಿ ಅರಳುವ ಏರಿಡಿಸ್ ಮ್ಯಾಕುಲೋಸಾ ಎಂಬ ಇನ್ನೊಂದು ಆರ್ಕಿಡ್‌ಗೂ ಚುಕ್ಕೆಯಿದೆ, ಅದನ್ನೂ ಸೀತಾಳೆ ಎಂದೇ ಕರೆಯುವುದುಂಟು. ನೋಡಬೇಕಾದ್ದು ತುಟಿಯೆಸಳಿನ, ಅಂದರೆ ಹೂವಿನ ತುಟಿಯಂಥ ಎಸಳಿನ, ಬುಡದ ಚೀಲವನ್ನು. ರಿಂಕೋಸ್ಟೈಲಿಸ್ ರೆಟ್ಯೂಸಾದಲ್ಲಿ, ಅಂದರೆ ನಿಜವಾದ ಸೀತಾಳೆ ದಂಡೆಯಲ್ಲಿ, ಅದು ಇಕ್ಕೆಲಗಳಿಂದ ಅದುಮಿದಂತಿದ್ದು ಹಿಂದಕ್ಕೆ ಚಾಚಿರುತ್ತದೆ. ಏರಿಡಿಸ್‌ನಲ್ಲಿ ಮುಂದಕ್ಕೆ ಬಾಗಿ ತುಟಿಯ ಅಡಿಗೆ ಬರುತ್ತದೆ. ಹೂವೇ ಸುಮಾರು 2 ಸೆಂ.ಮೀ. ಅಗಲ, ಎದುರಿನಿಂದ ತೆಗೆದ ಫೋಟೊ ಎಷ್ಟು ಚಂದವಿದ್ದರೂ ಚೀಲ ಅದರಲ್ಲಿ ಕಾಣದು. ಆದ್ದರಿಂದ ಒಂದು ಫೋಟೊ ಪಕ್ಕದಿಂದ, ಒಂದು ಎಲೆಯ ತುದಿಯದು, ಒಂದು ಇಡೀ ಗಿಡದ್ದು, ಮತ್ತೊಂದು ಮರದ ತೊಗಟೆಯದು. ಬಿಳಿ ಮೋಡ ಹಿಂದಿದ್ದರೆ ಹೂ ಕಪ್ಪಾಗಿ ಬರುತ್ತದೆ. ಕ್ಯಾಮೆರಾದ ಎಕ್ಸ್‌ಪೋಷರ್, ಅಂದರೆ ಒಳಬರುವ ಬೆಳಕು, ಒಂದು ಸ್ಟಾಪ್ (ಎರಡು ಪಟ್ಟು) ಏರಿಸಬೇಕು. ಹೂವಿಲ್ಲದ ಕಾಲದಲ್ಲಿ ದೂರದಿಂದ ಎಲೆ ನೋಡಿ ಜಾತಿ ಹೇಳುವವರ ಮಾತು ನಂಬಬೇಡಿ.

ಗಾಳಿಗೆ ಮುರಿದ ಕೊಂಬೆಯ ಜೊತೆ ಗಿಡವೂ ಕೆಳಗೆ ಬಿದ್ದಿರಬಹುದು. ಅಭಯಾರಣ್ಯದೊಳಗೆ ಬಿದ್ದದ್ದನ್ನೂ ಮನೆಗೆ ತರುವಂತಿಲ್ಲ; ಒಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಉಂಬಳಕ್ಕೆ ಉಪ್ಪಿನ ಗಂಟು ಜೊತೆಗಿರಲಿ. ಫೋಟೊ ಹಂಚುವಾಗ ಜಿಪಿಎಸ್ ಗುರುತು ಅಳಿಸಿ, ಗಿಡ ಕದ್ದು ಮಾರುವವರು ಅದನ್ನೇ ಹುಡುಕುತ್ತಾರೆ. ಸೋಮೇಶ್ವರದಿಂದ ಮೇಲಕ್ಕೆ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಗಾಡಿ ನಿಲ್ಲಿಸಿ ಮರ ನೋಡುವುದು ಬೇಡ, ರಸ್ತೆ ಇಕ್ಕಟ್ಟು.