ಕೋನ್ ಮಾಸ್ತರ್ರು ಮತ್ತ ನಮ್ಮ ಮಿಯಾಪುರ

ಕೊಪ್ಪಳದಾಗ ಗೆಸ್ಟ್ ಲೆಕ್ಚರರ್ ಆಗಿ ಸಮಾಜಶಾಸ್ತ್ರ ಹೇಳಾವ ನಾನು, ದೇವಶಾಸ್ತ್ರದ (ಥಿಯಾಲಜಿ) ಪುಸ್ತಕ ಯಾಕ ಹಿಡ್ಕೊಂಡು ಕುಂದರ್ತೀನಿ ಅಂತ ಸ್ಟಾಫ್ ರೂಮಿನಾಗ ಕೇಳ್ತಾರ. ಜೇಮ್ಸ್ ಕೋನ್ ಅಂತ ಒಬ್ರು ಇದ್ರು, ಅಮೆರಿಕದ ಕರಿಯ ಜನಾಂಗದ ಮಾಸ್ತರ್ರು, 1938ರಾಗ ಅರ್ಕನ್ಸಾದಾಗ ಹುಟ್ಟಿದವ್ರು. ಪಿಎಚ್‌ಡಿ ಮಾಡಿದ್ದು ಕಾರ್ಲ್ ಬಾರ್ತ್ ಅನ್ನೋ ಯುರೋಪಿನ ದೊಡ್ಡ ಪಂಡಿತರ ಮ್ಯಾಗ, ಅದನ್ನ ಹೇಳ್ಕೊಂತ ಆರಾಮ್ ಪ್ರೊಫೆಸರ್ ಆಗಿ ಇರಬಹುದಿತ್ತು, ಆದ್ರ 1967ರಾಗ ಡೆಟ್ರಾಯಿಟ್ ಶಹರ ಕರಿಯರ ದಂಗೆಯಾಗ ಹೊತ್ತಿ ಉರೀತು, ಮರುವರ್ಷ ಕರಿಯರ ಹಕ್ಕಿಗೆ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್‌ಗೆ ಗುಂಡು ಹೊಡದ್ರು, ಇವರಿಗೆ ತಡ್ಕೊಳ್ಳಾಕ ಆಗ್ಲಿಲ್ಲ, 1969ರಾಗ ಬ್ಲ್ಯಾಕ್ ಥಿಯಾಲಜಿ ಅಂಡ್ ಬ್ಲ್ಯಾಕ್ ಪವರ್ (ಕರಿಯರ ದೇವಶಾಸ್ತ್ರ, ಕರಿಯರ ಶಕ್ತಿ) ಅಂತ ಮೊದಲ್ನೇ ಪುಸ್ತಕ ತಂದ್ರು. ದೇವ್ರು ತುಳಿಸಿಕೊಂಡವರ ಕಡಿ, ನಡುವ ನಿಂತು ನೋಡೋ ದೇವ್ರು ಸುಳ್ಳು, ಇಷ್ಟ ಅವರ ವಾದ. ಆಮ್ಯಾಲ 2018ರಾಗ ತೀರ್ಕೊಳ್ಳೋತನಕ ನ್ಯೂಯಾರ್ಕಿನ ಯೂನಿಯನ್ ಸೆಮಿನರಿ ಅನ್ನೋ ದೇವಶಾಸ್ತ್ರದ ಕಾಲೇಜಿನಾಗ ಇದನ್ನ ಕಲಿಸಿದ್ರು. (ಆ ಸೆಮಿನರಿ ನಮ್ಮ ಅಂಬೇಡ್ಕರ್ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕ ಭಾಳ ಹತ್ರ, ಬ್ರಾಡ್‌ವೇ ರಸ್ತೆ ದಾಟಿದ್ರ ಮುಗೀತು. ನನಗಂತೂ ಭಾಳ ಖುಷಿ ಆತು.) ನಮ್ಮಲ್ಲೂ 1981ರಾಗ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಾಗ ಅರವಿಂದ ನಿರ್ಮಲ್ ಅನ್ನೋ ದೇವಶಾಸ್ತ್ರದ ಪಂಡಿತ್ರು ಇಂಥದ ಮಾತು ಎತ್ತಿದ್ರು, ದಲಿತ ಥಿಯಾಲಜಿ, ಅಂದ್ರ ದಲಿತರ ಕಡಿಂದ ನೋಡೋ ದೇವಶಾಸ್ತ್ರ, ಬೆಳದದ್ದು ಅಲ್ಲಿಂದ.

ಅಮೆರಿಕದ ಬಿಳಿಯರ ಎಷ್ಟೋ ಚರ್ಚಿನಾಗ ಕರಿಯರನ್ನ ಒಳಗ ಬಿಡ್ತಿರ್ಲಿಲ್ಲ ಅಂದ್ರ ನಮ್ ಹುಡುಗ್ರಿಗೆ ಎಷ್ಟು ಸಿಟ್ಟು ಬರ್ತೈತಿ ಅಂತೀರಿ. ಅದ ಉಸಿರಿನಾಗ ಮಿಯಾಪುರ ಅಂದೆ. ಕುಷ್ಟಗಿ ತಾಲೂಕು, 2021, ಮಳಿ ಬಂತಂತ ದಲಿತರ ಸಣ್ಣ ಕೂಸೊಂದು ಹನುಮಪ್ಪನ ಗುಡಿಯೊಳಗ ಓಡಿತ್ತು, ಗುಡಿ ಶುದ್ಧಿ ಮಾಡಬೇಕು ಅಂತ ಮನಿಯವರಿಗೆ ಸಾವಿರಗಟ್ಟಲೆ ದಂಡ ಹಾಕಿದ್ರಲ್ಲ, ಅದ. ಎಲ್ಲಾರೂ ಡೆಸ್ಕ್ ನೋಡಾಕತ್ರು. ಮುಂದಿನ ಬೆಂಚಿನವ ಒಬ್ಬ, ‘ಸರ್ ಅದು ಸಿಲಬಸ್‌ನಾಗ ಇಲ್ರಿ’ ಅಂದ. ‘ಡೆಟ್ರಾಯಿಟ್ ಇತ್ತೇನಪಾ?’ ಅಂದೆ.

ಹಂಗಂತ ಕೋನ್‌ರ ಫೋಟೋಕ್ಕ ಹಾರ ಹಾಕೂದೇನೂ ಬ್ಯಾಡ. ಅವರ ಶಿಷ್ಯೆ ಜಾಕ್ವೆಲಿನ್ ಗ್ರಾಂಟ್ 1979ರಾಗ, ಈ ಕರಿಯರ ದೇವಶಾಸ್ತ್ರದಾಗ ಹೆಣ್ಮಕ್ಳು ಎಲ್ಲದಾರ ಅಂತ ಬರದು ಕೇಳಿದ್ರು, ಮಾಸ್ತರ್ರೂ ಮುಂದ ಅದು ಖರೇ ಅಂತ ಒಪ್ಕೊಂಡ್ರು. ಇದನ್ನ ಹೇಳಿದ ಮ್ಯಾಲ ಹಿಂದಿನ ಸಾಲಿನ ಹುಡುಗಿ ಒಬ್ಬಾಕಿ, ವರ್ಷಪೂರ್ತಿ ಬಾಯಿ ಬಿಡದಾಕಿ, ಎದ್ದು ನಿಂತು, ‘ಸರ್, ಗುಡಿ ಕಮಿಟಿಯಾಗ ನಮ್ ಓಣಿ ಹೆಣ್ಮಕ್ಳು ಒಬ್ರರ ಇರ್ತಾರೇನ್ರಿ?’ ಅಂದ್ಲು. ಆಕಿಗೆ ಅಸೈನ್‌ಮೆಂಟ್ ಅದನ್ನ ಕೊಟ್ಟೀನಿ, ಸುತ್ತಲಿನ ಹಳ್ಳ್ಯಾಗ ಕಮಿಟಿಯವರ ಹೆಸರು ಬರ್ಕೊಂಡು ಬಾರವಾ ಅಂತ. ಹೆಸರು ಕೊಡ್ತಾರೋ ಇಲ್ಲೋ ನೋಡೂಣು.