ಮೂರನೇ ಬಾಟಲಿ ಮೊದಲು ತುಂಬಿತು

ಎಳ್ಳಮಾಸಿ ಮುಗಿದ ನಾಲ್ಕನೇ ದಿನ ನಸುಕಿನಲ್ಲಿ ನಮ್ಮ ಡೀಸೆಲ್ ಸರಕು ಗಾಡಿಯ ಎಂಜಿನ್ ಹಿಡಿಯಲಿಲ್ಲ. ಹಳ್ಳಿಯಲ್ಲಿ ತೊಗರಿ ಚೀಲ ತುಂಬಿಕೊಂಡು ಎಂಟರೊಳಗೆ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಮುಟ್ಟಿಸಬೇಕಿತ್ತು. ಚಾವಿ ತಿರುಗಿಸಿದರೆ ಸೆಲ್ಫ್ ಗರಗರ ತಿರುಗುತ್ತದೆ, ಎಂಜಿನ್ ಏಳುವುದಿಲ್ಲ. ಆರನೇ ಸಲಕ್ಕೆ ಎದ್ದಿತು. ಎದ್ದ ಮೇಲೆ ಅಂಗಳದ ತುಂಬ ಬಿಳಿ ಹೊಗೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಸೆರಗು ಮೂಗಿಗೆ ಹಿಡಿದು ಹೊರಗೆ ಬಂದು, "ಏನಾಗ್ಯಾದೋ ಇದಕ್ಕ?" ಅಂದಳು.

ಒಂದೇ ದಿನಕ್ಕೆ ಆದದ್ದಲ್ಲ ಅದು. ಎರಡು ತಿಂಗಳಿನಿಂದ ಗಾಡಿ ಹೇಳುತ್ತಲೇ ಇತ್ತು. ಲೀಟರಿಗೆ 9 ಕಿಲೋಮೀಟರ್ ಕೊಡುತ್ತಿದ್ದದ್ದು ಆರೂವರೆಗೆ ಇಳಿದಿತ್ತು. ಶಹಾಬಾದಿನಿಂದ ಫರ್ಸಿ ಕಲ್ಲು ಹೇರಿಕೊಂಡು ಬರುವಾಗ ಸಣ್ಣ ಏರಿಗೂ ಕಪ್ಪು ಹೊಗೆ ಬಿಟ್ಟು, ಮೂರನೇ ಗೇರಿಗೆ ಇಳಿಸು ಅನ್ನುತ್ತಿತ್ತು. ನಿಂತಲ್ಲಿ ನಡುಗುತ್ತಿತ್ತು. ಹಂಗಾಮು ಮುಗಿಯಲಿ ಅಂತ ನಾನೇ ತಳ್ಳಿಕೊಂಡು ಬಂದಿದ್ದೆ.

ಒಂದು ವರ್ಕ್‌ಶಾಪಿಗೆ ಒಯ್ದೆ. ಸ್ಕ್ಯಾನರ್ ಹಚ್ಚಿ ಹತ್ತು ನಿಮಿಷ ನೋಡಿದರು. "ನಾಲ್ಕೂ ಇಂಜೆಕ್ಟರ್ ಹೋಗ್ಯಾವ, ಹೈ ಪ್ರೆಶರ್ ಪಂಪಿನ ಮ್ಯಾಲೂ ಸಂಶಯ ಅದ" ಅಂದು 1,10,000 ರೂಪಾಯಿಯ ಚೀಟಿ ಬರೆದುಕೊಟ್ಟರು. ಇಂಜೆಕ್ಟರ್ ಅಂದರೆ ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ. ಒಂದು ನಟ್ಟೂ ಬಿಚ್ಚಿರಲಿಲ್ಲ. ಆ ಚೀಟಿ ಹಿಡಿದುಕೊಂಡು ನಾನು ಚಾಚಾನ ಹತ್ತಿರ ಹೋದೆ.

ಚಾಚಾ ನಮ್ಮಪ್ಪನ ಹಳೆ ಲಾರಿಗೆ ನಾಜಲ್, ಅಂದರೆ ಇಂಜೆಕ್ಟರಿನ ಡೀಸೆಲ್ ಚಿಮ್ಮುವ ತುದಿ, ರಿಪೇರಿ ಮಾಡುತ್ತಿದ್ದವರು. ಈಗ ಕಣ್ಣು ಮಂಜು, ಗ್ಯಾರೇಜ್ ಮುಚ್ಚಿ ಮನೆಯಲ್ಲೇ ಇದ್ದಾರೆ. ಚೀಟಿ ಓದಿಸಿ ಕೇಳಿದರು. "ನಾಕೂ ಒಮ್ಮಿಗೇ ಕೆಡಂಗಿಲ್ಲ ಬೇಟಾ. ಮೊದ್ಲ ರಿಟರ್ನ್ ಅಳದು ನೋಡು. ಆಮ್ಯಾಲ ರೊಕ್ಕದ ಮಾತು."

ಈ ಬರಹ ಅದರ ಬಗ್ಗೆಯೇ. ಇಂಜೆಕ್ಟರನ್ನು ಮನೆಯಲ್ಲಿ ಬಿಚ್ಚಿ ಹಾಕಬಹುದು, ನಾನು ಹಾಕಿದ್ದೇನೆ. ಆದರೆ ಯಾವುದನ್ನು ಬಿಚ್ಚಬೇಕು ಅನ್ನುವುದನ್ನು ಅಳೆದು ತಿಳಿದುಕೊಳ್ಳದೆ ಪಾನಾ ಮುಟ್ಟಬೇಡಿ.

ನನ್ನದು 2018ರ ಬಿಎಸ್-4 (ಹೊಗೆ ನಿಯಮದ ಒಂದು ಹಂತ) ಗಾಡಿ, ನಾಲ್ಕು ಸಿಲಿಂಡರ್, ಕಾಮನ್ ರೇಲ್, ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ಇಂಜೆಕ್ಟರ್. ಪಂಪು ಡೀಸೆಲನ್ನು ಒಂದು ದಪ್ಪ ಉಕ್ಕಿನ ಕೊಳವೆಗೆ ಒತ್ತಿ ತುಂಬುತ್ತದೆ. ಅದೇ ರೇಲ್. ಅಲ್ಲಿಂದ ನಾಲ್ಕು ಪೈಪು ನಾಲ್ಕು ಇಂಜೆಕ್ಟರಿಗೆ. ಸಿಲಿಂಡರಿಗೆ ಹೋಗುವ ಡೀಸೆಲ್ ಒಂದಿಷ್ಟು, ಇಂಜೆಕ್ಟರಿನ ಒಳಗಿನ ಕವಾಟದ ಕೆಲಸ ಮುಗಿಸಿ ಮೇಲಿನ ಸಣ್ಣ ನಳಿಗೆಯಿಂದ ಟ್ಯಾಂಕಿಗೆ ವಾಪಸಾಗುವುದು ಇನ್ನೊಂದಿಷ್ಟು. ಚಾಚಾ ಹೇಳಿದ ರಿಟರ್ನ್ ಇದೇ. ಒಳಗಿನ ಕವಾಟ ಸವೆದರೆ ವಾಪಸಾಗುವುದು ಹೆಚ್ಚುತ್ತದೆ. ಸೆಲ್ಫ್ ಹೊಡೆಯುವಾಗ ಪಂಪು ಮೆಲ್ಲಗೆ ತಿರುಗುತ್ತಿರುತ್ತದೆ. ಅದು ಒತ್ತಿದ್ದೆಲ್ಲ ಹೀಗೆ ಸೋರಿ ಹೋದರೆ ರೇಲಿನಲ್ಲಿ ಒತ್ತಡ ಏರುವುದಿಲ್ಲ. ಬೇಕಾದಷ್ಟು ಒತ್ತಡ ಕಾಣುವ ತನಕ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇಂಜೆಕ್ಟರನ್ನು ತೆರೆಯುವುದೇ ಇಲ್ಲ. ಚಳಿಯ ನಸುಕಿನಲ್ಲಿ ಆರು ಸಲ ಸೆಲ್ಫ್ ಹೊಡೆಸಿದ್ದು ಇದೇ.

ಅಳೆಯುವುದಕ್ಕೆ ದೊಡ್ಡ ಸಾಮಾನು ಬೇಡ. ಮೆಡಿಕಲ್ ಅಂಗಡಿಯಿಂದ ಒಂದೇ ಅಳತೆಯ ನಾಲ್ಕು ಖಾಲಿ ಔಷಧದ ಬಾಟಲಿ, ಸಲೈನಿನ ನಳಿಗೆ ತಂದೆ. ಒಂಬತ್ತನೇ ಕ್ಲಾಸಿನ ಮಗಳು ಬಾಟಲಿಗಳ ಮೇಲೆ ಒಂದರಿಂದ ನಾಲ್ಕು ಬರೆದು ಸಾಲಾಗಿ ಕಟ್ಟಿದಳು. ನಾಲ್ಕೂ ಇಂಜೆಕ್ಟರಿನ ರಿಟರ್ನ್ ನಳಿಗೆ ಬಿಡಿಸಿ ಬಾಟಲಿಗೆ ಇಳಿಸಿದೆ, ಟ್ಯಾಂಕಿನ ಕಡೆ ಹೋಗುವ ಪೈಪಿನ ಬಾಯಿ ಮುಚ್ಚಿದೆ, ಎಂಜಿನ್ ಚಾಲೂ ಮಾಡಿ ನಿಂತಲ್ಲೇ ಎರಡು ನಿಮಿಷ ಓಡಿಸಿದೆ. ಮಗಳು ಮೊಬೈಲಿನಲ್ಲಿ ಟೈಮ್ ಹಿಡಿದು ಕೂತಳು. ಅರ್ಧ ನಿಮಿಷ ಆಗುವುದರೊಳಗೆ, "ಅಪ್ಪಾ, ಮೂರನೇದು ನೋಡ್ರಿ!" ಅಂತ ಕೂಗಿದಳು. ಉಳಿದ ಮೂರರಲ್ಲಿ ಹನಿ ಹನಿ, ಮೂರನೆಯದರಲ್ಲಿ ಎಳೆ ಕಡಿಯದ ಧಾರೆ.

ಸಿರಿಂಜಿನಿಂದ ಎಳೆದು ಅಳೆದೆವು. ಒಂದು 18 ಎಂ.ಎಲ್., ಎರಡು 20, ಮೂರು 61, ನಾಲ್ಕು 22. ಮಗಳು ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು.

ಆದರೂ ಒಂದು ವಿಷಯ ಕೂಡಿ ಬರಲಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಂಜಿನ್ ಆಯಿಲ್ ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿತ್ತು, ಮೂಸಿದರೆ ಡೀಸೆಲ್ ವಾಸನೆ. ರಿಟರ್ನ್ ಹೆಚ್ಚಾದರೆ ಡೀಸೆಲ್ ಟ್ಯಾಂಕಿಗೆ ಹೋಗುತ್ತದೆಯೇ ಹೊರತು ಆಯಿಲಿಗೆ ಬರುವುದಿಲ್ಲ. ಎಲ್ಲೋ ಒಂದು ನಾಜಲ್ ಮುಚ್ಚಿದ ಮೇಲೂ ತೊಟ್ಟಿಕ್ಕುತ್ತಿದೆ, ಸಿಲಿಂಡರಿನ ಗೋಡೆ ತೊಳೆದು ಕೆಳಗಿಳಿಯುತ್ತಿದೆ ಅಂತ ಸಂಶಯ ಬಂತು. ಅದು ಬಾಟಲಿಗೆ ಸಿಗುವ ರೋಗವಲ್ಲ. ಜೊತೆಗೆ ಮೂರನೆಯ ಇಂಜೆಕ್ಟರಿನ ಬುಡದಲ್ಲಿ ಡಾಂಬರಿನಂಥ ಕಪ್ಪು ಮೆತ್ತಿಕೊಂಡು, ಚುಸ್ ಚುಸ್ ಅಂತ ಸದ್ದು ಬರುತ್ತಿತ್ತು. ಅದು ತಳದ ತಾಮ್ರದ ವಾಷರ್ ಸೋತ ಗುರುತು. ನಾಲ್ಕನ್ನೂ ಹೊರಗೆ ತೆಗೆಯುವುದೇ ಸರಿ ಅನ್ನಿಸಿತು. ಹಾಗಂತ ನಾಲ್ಕೂ ಹೊಸದು ಬೇಕು ಅಂತಲ್ಲ, ಬೆಂಚಿನ ಮೇಲೆ, ಅಂದರೆ ಇಂಜೆಕ್ಟರ್ ಅಳೆಯುವ ಯಂತ್ರದ ಮೇಲೆ, ಪರೀಕ್ಷೆ ಮಾಡಿಸುವುದಕ್ಕೆ.

ನಮ್ಮ ಊರಿನ ಧೂಳಿನ ಬಗ್ಗೆ ಹೇಳಲೇಬೇಕು. ಇಂಜೆಕ್ಟರಿನ ಒಳಗಿನ ಭಾಗಗಳ ನಡುವಿನ ಸಂದು ಎರಡು ಮೂರು ಮೈಕ್ರಾನ್. ತಲೆಗೂದಲು ಎಪ್ಪತ್ತು ಮೈಕ್ರಾನಿನ ಆಸುಪಾಸು. ತೊಗರಿ ಬಡಿಯುವ ದಿನಗಳಲ್ಲಿ, ಆಳಂದ ರಸ್ತೆಯ ಬದಿಯ ಮನೆಯಲ್ಲಿ ಈ ಕೆಲಸಕ್ಕೆ ಕೂರುವುದು ಅಂದರೆ ಮೊದಲು ಮನೆ ತೊಳೆಯುವುದು. ಹಿಂದಿನ ದಿನವೇ ಎಂಜಿನ್ ತೊಳೆಸಿ ಒಣಗಿಸಿದ್ದೆ. ನಸುಕಿನಲ್ಲಿ ನಮ್ಮಾಕಿ ಅಂಗಳದ ಫರ್ಸಿಗೆ ನಾಲ್ಕು ಕೊಡ ನೀರು ಹೊಡೆದಳು. ಗಾಳಿ ಏಳುವ ಮೊದಲೇ, ಏಳಕ್ಕೆ ಶುರು ಮಾಡಿದೆ. ಅವ್ವ ಒರೆಸುವುದಕ್ಕೆ ಹಳೆ ಸೀರೆ ಹರಿದು ತಂದಳು. ಹೊರಗಿನ ಕೈ ಒರೆಸಲು ಅದನ್ನು ಇಟ್ಟುಕೊಂಡೆ, ಪೈಪಿನ ಬಾಯಿಗೆ ಮಾತ್ರ ತಾಗಿಸಲಿಲ್ಲ. ಹತ್ತಿಯ ಎಳೆ ಒಂದು ಒಳಗೆ ಹೋದರೂ ಸಾಕು. ಬಿಚ್ಚಿದ ಪ್ರತಿ ಬಾಯಿಗೂ ಹೊಸ ಕೈಗವಸಿನ ಬೆರಳು ಕತ್ತರಿಸಿ ತೊಡಿಸಿ ರಬ್ಬರ್ ಬ್ಯಾಂಡ್ ಸುತ್ತಿದೆ.

ಇನ್ನೊಂದು ಮಾತನ್ನು ಹಳೆ ಗಾಡಿ ಓಡಿಸಿದವರು ಗಮನ ಇಟ್ಟು ಓದಬೇಕು. ಅಪ್ಪನ ಲಾರಿಯಲ್ಲಿ ಇಂಜೆಕ್ಟರ್ 200 ಚಿಲ್ಲರೆ ಬಾರ್ ಒತ್ತಡಕ್ಕೆ ತೆರೆಯುತ್ತಿತ್ತು. ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಮಿಸ್ಸಿಂಗ್ ಬಂದರೆ ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಪೈಪಿನ ನಟ್ಟು ಸಡಿಲಿಸಿ, ಯಾವುದಕ್ಕೆ ಸದ್ದು ಬದಲಾಗುವುದಿಲ್ಲವೋ ಅದೇ ಕೆಟ್ಟ ಸಿಲಿಂಡರ್ ಅಂತ ಚಾಚಾ ಹೇಳುತ್ತಿದ್ದರು. ಪೈಪಿನೊಳಗಿನ ಹವಾ ತೆಗೆಯುವುದೂ ಹಾಗೆಯೇ. ಕಾಮನ್ ರೇಲಿನಲ್ಲಿ ಒತ್ತಡ 1,600 ಬಾರಿನ ತನಕ ಹೋಗುತ್ತದೆ. ಟ್ರಕ್ಕಿನ ಟೈರಿನಲ್ಲಿ ಎಂಟು ಬಾರ್ ಹವಾ ಇರುತ್ತದೆ ಅಂದುಕೊಂಡರೆ ಅದರ ಇನ್ನೂರು ಪಟ್ಟು. ಎಂಜಿನ್ ಓಡುವಾಗ ಆ ನಟ್ಟು ಮುಟ್ಟಬಾರದು. ಸೋರಿಕೆ ಇದೆಯಾ ಅಂತ ಕೈಯಾಡಿಸಿಯೂ ನೋಡಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಕಣ್ಣಿಗೆ ಕಾಣದ ಆ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಮುಳ್ಳು ಚುಚ್ಚಿದಷ್ಟೇ ಗುರುತು, ನೋವೂ ಮೊದಲಿಗೆ ಕಡಿಮೆ. ಹಾಗಾದರೆ ಅರಿಶಿನ ಹಚ್ಚಿ ಕೂರಬೇಡಿ, ಅದೇ ಗಳಿಗೆಗೆ ದವಾಖಾನೆಗೆ ಹೋಗಿ, ಡೀಸೆಲ್ ಒಳಗೆ ಹೋಗಿದೆ ಅಂತ ಬಾಯಿಬಿಟ್ಟು ಹೇಳಿ. ತಡವಾದರೆ ಬೆರಳು ಉಳಿಯುವುದಿಲ್ಲ.

ಎಂಜಿನ್ ರಾತ್ರಿಯಿಡೀ ನಿಂತಿತ್ತು. ಬ್ಯಾಟರಿಯ ನೆಗೆಟಿವ್ ತೆಗೆದೆ. ವೈರಿನ ಕಪ್ಲರ್, ರಿಟರ್ನ್ ನಳಿಗೆ, ಆಮೇಲೆ ಪೈಪು. ಪೈಪಿನ ನಟ್ಟು ತಿರುಗಿಸುವಾಗ ಇಂಜೆಕ್ಟರಿನ ಕಡೆಯ ಷಟ್ಕೋನವನ್ನು ಇನ್ನೊಂದು ಪಾನಾದಿಂದ ಬಿಗಿಯಾಗಿ ಹಿಡಿಯಬೇಕು, ಇಲ್ಲವಾದರೆ ಅದೂ ತಿರುಗಿ ಹಾಳಾಗುತ್ತದೆ. ಇಂಜೆಕ್ಟರನ್ನು ಒತ್ತಿ ಹಿಡಿದ ಕ್ಲಾಂಪಿನ ಬೋಲ್ಟ್ ಬಿಚ್ಚಿದ ಮೇಲೆ ಒಂದು, ಎರಡು, ನಾಲ್ಕು ಸ್ವಲ್ಪ ಅತ್ತಿತ್ತ ಆಡಿಸಿದ್ದಕ್ಕೆ ಬಂದವು.

ಮೂರನೆಯದು ಬರಲಿಲ್ಲ. ಎರಡು ದಿನದಿಂದ ಬುಡಕ್ಕೆ ಜಂಗು ಬಿಡಿಸುವ ಎಣ್ಣೆ ಬಿಡುತ್ತಲೇ ಇದ್ದೆ. ಸನ್ನೆಗೋಲು ಹಾಕಿ ಎತ್ತಬೇಕು ಅನ್ನಿಸುತ್ತದೆ. ಎತ್ತಿದರೆ ಅಲ್ಯುಮಿನಿಯಂ ಕವರ್ ಒಡೆಯುತ್ತದೆ, ಇಲ್ಲವೇ ಇಂಜೆಕ್ಟರಿನ ತಲೆ ಮುರಿಯುತ್ತದೆ. ಚಾಚಾ ಸ್ಲೈಡ್ ಹ್ಯಾಮರ್ ಕಳಿಸಿದ್ದರು, ಸರಳಿನ ಮೇಲೆ ಜಾರುವ ತೂಕದ ಏಟಿನಿಂದ ಹೊರಗೆಳೆಯುವ ಸಾಮಾನು. ಪಾನಾದಿಂದ ಕೂದಲೆಳೆಯಷ್ಟು ಎಡಕ್ಕೆ, ಬಲಕ್ಕೆ, ಮತ್ತೆ ಎಣ್ಣೆ, ಮತ್ತೆ ಎರಡು ಏಟು. ನಲವತ್ತು ನಿಮಿಷ. ಒಮ್ಮೆಲೆ ಬುಸ್ ಅಂದು ಕೈಗೆ ಬಂತು, ಮೈಯೆಲ್ಲ ಕರಿ ಇದ್ದಿಲು.

ಹೊರಗಿಟ್ಟು ಎಣಿಸಿದೆ. ಇಂಜೆಕ್ಟರ್ ನಾಲ್ಕು, ತಾಮ್ರದ ವಾಷರ್ ಮೂರೇ. ಟಾರ್ಚ್ ಹಿಡಿದು ಮೂರನೇ ಗುಂಡಿಯೊಳಗೆ ಇಣುಕಿದರೆ ತಳದಲ್ಲಿ ಏನೂ ಕಾಣುವುದಿಲ್ಲ, ಬರೀ ಕಪ್ಪು. ಮಗಳ ಕಣ್ಣು ಚೂಪು. "ಅಂಚಿಗಿ ಒಂಚೂರು ಕೆಂಪು ಹೊಳಿಲಿಕತ್ತದ ಅಪ್ಪಾ" ಅಂದಳು. ಮಸಿಯ ಅಡಿಯಲ್ಲಿ ಹಳೆ ವಾಷರ್ ಸೀಟಿಗೆ ಅಂಟಿ ಕೂತಿತ್ತು. ಅದರ ಮೇಲೆ ಹೊಸದು ಹಾಕಿದ್ದರೆ ಇಂಜೆಕ್ಟರ್ ಒಂದು ವಾಷರಿನಷ್ಟು ಮೇಲೆ ಕೂರುತ್ತಿತ್ತು, ಡೀಸೆಲ್ ಪಿಸ್ಟನ್ನಿನ ಗುಂಡಿಯಲ್ಲಿ ಬೀಳಬೇಕಾದ ಜಾಗ ತಪ್ಪುತ್ತಿತ್ತು, ಕಂಪ್ರೆಶನ್ನೂ ಸೋರುತ್ತಿತ್ತು. ಮೊನಚಾದ ಹಳೆ ಪೇಚ್‌ಕಸ್ಸನ್ನು (ಸ್ಕ್ರೂಡ್ರೈವರ್) ವಾಷರಿನ ತೂತಿಗೆ ಮೆಲ್ಲಗೆ ಒತ್ತಿ ತಿರುಗಿಸುತ್ತ ಎತ್ತಿದೆ. ಮೂರನೇ ಪ್ರಯತ್ನಕ್ಕೆ ತುದಿಗೆ ಕಚ್ಚಿಕೊಂಡು ಬಂತು. ಒಂದು ಕಡೆ ತೆಳ್ಳಗೆ ಸುಟ್ಟು, ಅಂಚಿನಲ್ಲಿ ದಾರದಷ್ಟು ಸಣ್ಣ ಗೀರು. ಆ ಗೀರಿನಿಂದಲೇ ಬೆಂಕಿ ಮೇಲೆ ಹಾಯುತ್ತಿತ್ತು, ಇಂಜೆಕ್ಟರ್ ಸಿಕ್ಕಿಬಿದ್ದದ್ದಕ್ಕೂ ಅದೇ ಕಾರಣ.

ಗುಂಡಿಗಳನ್ನು ಗ್ರೀಸ್ ಮೆತ್ತಿದ ಬ್ರಶ್ಶಿನಿಂದ ಒರೆಸಿದೆ. ಮಸಿ ಗ್ರೀಸಿಗೆ ಅಂಟುತ್ತದೆ, ಸಿಲಿಂಡರಿಗೆ ಬೀಳುವುದಿಲ್ಲ. ಬಾಯಿ ಮುಚ್ಚಿ, ಮರುದಿನ ನಾಲ್ಕೂ ಇಂಜೆಕ್ಟರನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಸೊಲ್ಲಾಪುರದ ರೈಲು ಹತ್ತಿದೆ. ಗಾಣಗಾಪುರ ರೋಡ್, ಅಕ್ಕಲಕೋಟ ರೋಡ್ ದಾಟುವ ತನಕ ಡಬ್ಬಿ ತೊಡೆಯ ಮೇಲೇ ಇತ್ತು. ಬೆಂಚಿನ ಮೇಲೆ ತಿಳಿದದ್ದು ಇದು. ಮೂರನೆಯದರ ಕವಾಟ ಸವೆದಿದೆ. ಒಂದನೆಯದರ ನಾಜಲ್ ತೊಟ್ಟಿಕ್ಕುತ್ತದೆ, ಆಯಿಲಿಗೆ ಬಂದ ಡೀಸೆಲ್ ಇದರದ್ದೇ. ಎರಡು ಮತ್ತು ನಾಲ್ಕು ಗಟ್ಟಿ ಇವೆ. ಎರಡು ಹೊಸ ಇಂಜೆಕ್ಟರ್ ತಂದೆ, ಒಂದಕ್ಕೆ 14,000. ರಸ್ತೆ ಬದಿಯಲ್ಲಿ ಇಂಜೆಕ್ಟರ್ ಬಿಚ್ಚಿ ನಾಜಲ್ ಬದಲಿಸಿ ಕೊಡುವವರೂ ಇದ್ದಾರೆ, ಅಗ್ಗವೂ ಆಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಮೈಕ್ರಾನಿನ ಸಂದನ್ನು ಧೂಳಿನಲ್ಲಿ ತೆರೆಯುವ ಕೆಲಸ ಅಲ್ಲ ಅದು.

ಹಾಕುವ ಮೊದಲು ಹೊಸ ಇಂಜೆಕ್ಟರಿನ ತಲೆಯ ಮೇಲಿನ ಕೋಡಿನ ಫೋಟೊ ತೆಗೆದುಕೊಂಡೆ. ಒಂದೇ ಕಾರ್ಖಾನೆಯಿಂದ ಬಂದರೂ ಎರಡು ಇಂಜೆಕ್ಟರ್ ಸರಿಸಮ ಡೀಸೆಲ್ ಬಿಡುವುದಿಲ್ಲ. ಆ ಸಣ್ಣ ವ್ಯತ್ಯಾಸವನ್ನು ಅಳೆದು ಕೋಡಿನಲ್ಲಿ ಬರೆದಿರುತ್ತಾರೆ. ಅದನ್ನು ಸ್ಕ್ಯಾನರಿನಿಂದ ಇಸಿಯುಗೆ ಉಣ್ಣಿಸಬೇಕು. ಹಳೆಯದನ್ನು ತೆಗೆದು ಬೇರೆ ಸಿಲಿಂಡರಿಗೆ ಹಾಕಿದರೂ ಅದರ ಕೋಡು ಅದರ ಜೊತೆ ಹೋಗಬೇಕು.

ನಾಲ್ಕಕ್ಕೂ ಹೊಸ ವಾಷರ್, ಕ್ಲಾಂಪಿಗೆ ಹೊಸ ಬೋಲ್ಟ್, ಪೈಪೂ ಹೊಸವು. ಮೊದಲು ಇಂಜೆಕ್ಟರ್ ಸಡಿಲವಾಗಿ ಕೂರಿಸಿ, ಪೈಪು ಬೆರಳಿನಿಂದ ಪೂರ್ತಿ ತಿರುಗುವ ಹಾಗೆ ನೇರ ಮಾಡಿಕೊಂಡೆ. ಆಮೇಲೆ ಕ್ಲಾಂಪು, ಕೊನೆಗೆ ಪೈಪು, ಎಂಜಿನ್ನಿನ ಪುಸ್ತಕದಲ್ಲಿ ಕೊಟ್ಟ ಅಂಕಿಗೆ ಟಾರ್ಕ್ ಪಾನಾ ಹಚ್ಚಿಯೇ. ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿದೆ. ಫಿಲ್ಟರಿನ ಮೇಲಿನ ಕೈಪಂಪು ಗಟ್ಟಿಯಾಗುವ ತನಕ ಒತ್ತಿದೆ.

ಟ್ಯಾಂಕೂ ಖಾಲಿ ಮಾಡಿದೆ. ತಳದಲ್ಲಿ ಎರಡು ಲೋಟದಷ್ಟು ನೀರು ಸಿಕ್ಕಿತು. ಸುಗ್ಗಿಯಲ್ಲಿ ಹೊಲದ ಬ್ಯಾರಲ್ಲಿನಿಂದ ನಾಲ್ಕೈದು ಸಲ ಡೀಸೆಲ್ ಹಾಕಿಕೊಂಡಿದ್ದೆ, ಆ ಬ್ಯಾರಲ್ಲಿಗೆ ಮುಚ್ಚಳ ಇರಲಿಲ್ಲ. ಫಿಲ್ಟರಿನ ಕೆಳಗಿನ ನೀರಿನ ತಿರುಪನ್ನೂ ತಿಂಗಳುಗಟ್ಟಲೆ ಬಿಚ್ಚಿರಲಿಲ್ಲ. ತಪ್ಪು ನನ್ನದೇ. ಆ ಬ್ಯಾರಲ್ ಇನ್ನು ಗಾಡಿಯ ಹತ್ತಿರ ಬರುವುದಿಲ್ಲ.

ಸಂಜೆ ಗೆಳೆಯನೊಬ್ಬ ಸ್ಕ್ಯಾನರ್ ತಂದು ಎರಡು ಕೋಡು ಹಾಕಿದ. ಎರಡನೇ ಸೆಲ್ಫಿಗೆ ಎಂಜಿನ್ ಎದ್ದಿತು. ಅರ್ಧ ನಿಮಿಷ ಕಟಕಟ ಅಂದು, ಹವಾ ಹೊರಟ ಮೇಲೆ ಸಮ ಆಯಿತು. ರಟ್ಟು ಹಿಡಿದು ಪೈಪಿನ ಎಂಟೂ ತುದಿ ನೋಡಿದೆ, ಒಣ. ಚಾಚಾನನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದಿದ್ದೆ. ಅವರು ಉದ್ದನೆಯ ಪೇಚ್‌ಕಸ್ಸಿನ ತುದಿಯನ್ನು ಎಂಜಿನ್ನಿಗೆ, ಹಿಡಿಕೆಯನ್ನು ಕಿವಿಗೆ ಹಚ್ಚಿ ಒಂದರಿಂದ ನಾಲ್ಕರ ತನಕ ಕೇಳುತ್ತ ಹೋದರು. ಮೂರರ ಹತ್ತಿರ ಬಹಳ ಹೊತ್ತು ನಿಂತರು.

"ನಾಕೂ ಒಂದೇ ಮಾತು ಆಡ್ಲಿಕತ್ತಾವ" ಅಂದರು.

ಮಗಳಿಗೆ ಅಷ್ಟು ಸಾಲಲಿಲ್ಲ, ಬಾಟಲಿ ತಂದಳು. ಮತ್ತೆ ಎರಡು ನಿಮಿಷ. 17, 20, 18, 21. ಹಳೆ ಸಾಲಿನ ಕೆಳಗೆ ಬರೆದು, 61ರ ಸುತ್ತ ಕೆಂಪು ಪೆನ್ನಿನಿಂದ ಒಂದು ಗುಂಡು ಹಾಕಿದಳು. ಮರುದಿನ ನಸುಕಿನಲ್ಲಿ ಗಾಡಿ ಒಂದೇ ಸಲಕ್ಕೆ ಹಿಡಿಯಿತು, ಎಂಟರೊಳಗೆ ನಾವು ಗಂಜಿನಲ್ಲಿ ಇದ್ದೆವು.